ಕರ್ಮವಿಲ್ಲದ ಕ್ರಿಯಾಪದ

ಹತ್ತನೆಯ ತರಗತಿಯ ಅಣ್ಣನ ಮಗಳು ನೋಟ್‌ಬುಕ್ ಹಿಡಿದುಕೊಂಡು ಬಂದು, "ಚಿಕ್ಕಪ್ಪ, ಪ್ರೊಕ್ರಾಸ್ಟಿನೇಟ್ ಪದ ಬಳಸಿ ಒಂದು ವಾಕ್ಯ ಹೇಳಿ" ಎಂದಾಗ ನಾನು ಮಂಚದ ಮೇಲೆ ತೊಟ್ಟಿಕ್ಕುತ್ತಿದ್ದ ನೀರಿಗೆ ಯಾವ ಪಾತ್ರೆ ಇಡಲಿ ಎಂದು ಹುಡುಕುತ್ತಿದ್ದೆ.

ಕಟಪಾಡಿಯ ನಮ್ಮ ಹಂಚಿನ ಮನೆಯ ಮಾಡಿಗೆ ಪ್ರತಿ ವರ್ಷ ಮಳೆಗೆ ಮೊದಲು ಕೈಯಾಡಿಸಬೇಕು. ಒಡೆದ ಹಂಚು ಬದಲಿಸಬೇಕು, ಬೆಕ್ಕು ಓಡಾಡಿ ಸರಿಸಿದ್ದನ್ನು ಮತ್ತೆ ಕೂರಿಸಬೇಕು, ಸಂದಿನಲ್ಲಿ ಸೇರಿದ ತರಗೆಲೆ ಗುಡಿಸಬೇಕು. ತುಳುವರ ಹೊಸ ವರ್ಷದ ಹಬ್ಬ ಬಿಸು ಕಳೆಯಲಿ ಎಂದೆ. ಕಳೆಯಿತು, ಮದುವೆಗಳ ಸಾಲು ಬಂತು. ಪತ್ತನಾಜೆಯೊಳಗೆ ಮಾಡಿಸಿದರಾಯಿತು ಎಂದೆ. ಮೇ ತಿಂಗಳ ಕೊನೆಯ ವಾರದ ಆ ಪತ್ತನಾಜೆಗೆ ಯಕ್ಷಗಾನ ಮೇಳದವರೂ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತಾರೆ. ನಾನು ಶುರುವನ್ನೇ ಮಾಡಿರಲಿಲ್ಲ.

ಪದದ ಅರ್ಥ ನನಗೆ ಗೊತ್ತಿತ್ತು, ಮುಂದೂಡುವುದು. ಹಂಚಿನ ಕೆಲಸವನ್ನು ಪ್ರೊಕ್ರಾಸ್ಟಿನೇಟ್ ಮಾಡಿದೆ ಎಂಬರ್ಥದ ವಾಕ್ಯವೊಂದನ್ನು ಇಂಗ್ಲಿಷಿನಲ್ಲಿ ಹೇಳಿದೆ. "ಹಾಗೆ ಬರೆದರೆ ಟೀಚರ್ ಕೆಂಪು ಗೀಟು ಹಾಕುತ್ತಾರೆ" ಎಂದಳು. ಏನನ್ನು ಎಂಬ ಪ್ರಶ್ನೆಗೆ ಉತ್ತರ ಬೇಕಾದದ್ದು ಪೋಸ್ಟ್‌ಪೋನ್ ಪದಕ್ಕೆ. ಸಭೆಯನ್ನು, ಆಟವನ್ನು, ಮದುವೆಯನ್ನು ಪೋಸ್ಟ್‌ಪೋನ್ ಮಾಡಬಹುದು, ಅದಕ್ಕೆ ನ್ಯಾಯವಾದ ಕಾರಣವೂ ಇರಬಹುದು. ಪ್ರೊಕ್ರಾಸ್ಟಿನೇಟ್ ಪದಕ್ಕೆ ಸಾಮಾನ್ಯವಾಗಿ ಕರ್ಮಪದ ಬೇಡ. ಮಾಡಲೇಬೇಕೆಂದು ಗೊತ್ತಿದ್ದೂ ಸುಮ್ಮನೆ ತಳ್ಳುತ್ತ ಕುಳಿತರೆ ಸಾಕು. ಶಾಲೆಯ ವ್ಯಾಕರಣ ನೆನಪಾಯಿತು: ಅಕರ್ಮಕ. ಕೆಲಸಕ್ಕೆ ಕೈಹಾಕದವನ ಪಾಲಿಗೆ ಬಂದದ್ದು ಕರ್ಮವೇ ಇಲ್ಲದ ಕ್ರಿಯಾಪದ! ವ್ಯಾಕರಣ ಒಣ ವಿಷಯ ಎಂದು ನಾನು ಇನ್ನು ಹೇಳುವುದಿಲ್ಲ.

ಈ ಪದದ ಹೊಟ್ಟೆಯೊಳಗೆ ಲ್ಯಾಟಿನ್ನಿನ 'ಕ್ರಾಸ್' ಅಡಗಿದೆ, ನಾಳೆ ಎಂದರ್ಥ. 'ಪ್ರೊ' ಎಂದರೆ ಮುಂದಕ್ಕೆ. ರೋಮಿನವರ ಈ ಪದ ನನಗೆ ಸ್ವಲ್ಪವೂ ಹೊರಗಿನದೆನಿಸಲಿಲ್ಲ. ನಮ್ಮ ತುಳುವಿನಲ್ಲಿ 'ಎಲ್ಲೆ ತೂಕ' ಎನ್ನುತ್ತೇವೆ, ನಾಳೆ ನೋಡುವ ಎಂದು. ನೋಡುವ ಎಂದಷ್ಟೇ, ಮಾಡುವ ಎಂದಲ್ಲ. ಕನ್ನಡದಲ್ಲಿ ಎಲ್ಲೆ ಎಂದರೆ ಗಡಿ. ತುಳುವಿನ ಎಲ್ಲೆಗೆ ಎಲ್ಲೆಯೇ ಇಲ್ಲ. ಸಂಸ್ಕೃತದವರು ಇಂಥವನನ್ನು ದೀರ್ಘಸೂತ್ರಿ ಎಂದರು, ಉದ್ದ ದಾರದವನು. ಗೀತೆಯ 18ನೆಯ ಅಧ್ಯಾಯದ 28ನೆಯ ಶ್ಲೋಕ ತಾಮಸ ಕರ್ತೃವಿನ ಲಕ್ಷಣಗಳನ್ನು ಹೇಳುತ್ತ ಅವನನ್ನು ಕಟ್ಟಕಡೆಗೆ ನಿಲ್ಲಿಸಿದೆ. ನನಗೆ ಸಮಾಧಾನ ತಂದದ್ದು ಬೇರೆ ಸಂಗತಿ: ಅದೇ ಶ್ಲೋಕ ಅಲಸನನ್ನು ಪ್ರತ್ಯೇಕವಾಗಿ ಎಣಿಸಿದೆ. ಅಂದರೆ ನಾನು ಸೋಮಾರಿಯಲ್ಲ ಎಂದು ಮನೆಯಲ್ಲಿ ವಾದಿಸಲು ಎಡೆಯಿದೆ. ವಾದಿಸಿದೆ. ಯಾರೂ ಒಪ್ಪಲಿಲ್ಲ.

ಅಷ್ಟರಲ್ಲಿ ಚರಿಗೆ ತುಂಬಿತು, ಬಾಲ್ದಿ ತಂದಿಟ್ಟೆ. ಹಂಚಿನ ಕೆಲಸದವರಿಗೆ ಫೋನ್ ಮಾಡಿದರೆ, "ಈಗ ಮಾಡು ಹತ್ತಿದರೆ ಕಾಲು ಜಾರುತ್ತದೆ ಮಾರಾಯ್ರೇ, ಎರಡು ದಿನ ಬಿಸಿಲು ಬರಲಿ" ಎಂದರು.

"ಅವರದ್ದು ಪೋಸ್ಟ್‌ಪೋನ್" ಎಂದಳು ಹುಡುಗಿ, ತಲೆಯೆತ್ತದೆ.

ಬಗ್ಗಿ ನೋಡಿದೆ. ಅವಳ ವಾಕ್ಯ ಬರೆದಾಗಿತ್ತು. ಅದರಲ್ಲಿ ಕರ್ಮಪದ ಇರಲಿಲ್ಲ. ಕರ್ತೃಪದದ ಜಾಗದಲ್ಲಿ ಚಿಕ್ಕಪ್ಪನಿದ್ದ.