ಲೋನ್ ಬೇಕಾ ಸರ್, 6ಜಿ ವೇಗದಲ್ಲಿ?

2022ರ ಅಕ್ಟೋಬರ್ 1ರಂದು ದಿಲ್ಲಿಯ ಪ್ರಗತಿ ಮೈದಾನದಲ್ಲಿ, ಮೊಬೈಲ್ ಉದ್ಯಮದ ವಾರ್ಷಿಕ ಸಮಾವೇಶವಾದ ಇಂಡಿಯಾ ಮೊಬೈಲ್ ಕಾಂಗ್ರೆಸ್‌ನ ವೇದಿಕೆ ಮೇಲೆ ಪ್ರಧಾನಿಗಳು 5ಜಿ ಸೇವೆಗೆ ಚಾಲನೆ ಕೊಟ್ಟರು. ಹಳ್ಳಿಯ ರೋಗಿಗೆ ಪಟ್ಟಣದ ಡಾಕ್ಟರು ಕೂತಲ್ಲಿಂದಲೇ ಆಪರೇಷನ್ ಮಾಡುತ್ತಾರೆ ಅಂತೆಲ್ಲ ಆಗ ಮಾತು ಬಂತು. ಆಪರೇಷನ್ ಎಲ್ಲಿ ಆಯಿತೋ ಗೊತ್ತಿಲ್ಲ. ಪರ್ಸನಲ್ ಲೋನ್ ಬೇಕಾ ಅಂತ ಕೇಳುವ ದನಿ ಮಾತ್ರ ಪಕ್ಕದಲ್ಲೇ ಕೂತು ಕೇಳಿದಷ್ಟು ಸ್ಪಷ್ಟವಾಗಿದೆ. ಈಗ ಅದೇ ಸಮಾವೇಶದಲ್ಲಿ 6ಜಿ ಮಾತು. ಬರಲಿ ಬಿಡಿ, ನಾವು ಬೇಡ ಅನ್ನುವ ಮೊದಲೇ ಲೋನ್ ಮಂಜೂರಾಗಿರುತ್ತದೆ.

ಫೋನಿನಲ್ಲೇ ಗಿರಾಕಿ ಹಿಡಿಯುವ ಈ ವ್ಯಾಪಾರ ಬೆಳೆದದ್ದರಲ್ಲಿ ನಮ್ಮದೂ ಪಾಲಿದೆ. ಮಿಸ್ಡ್ ಕಾಲ್ ನೆನಪಿದೆ ಅಲ್ವಾ? ಮನೆಯಿಂದ ಹೊರಟರೆ ಒಂದು, ಬಸ್ ಸ್ಟ್ಯಾಂಡಿಗೆ ಬಂದರೆ ಎರಡು. ಪೈಸೆ ಖರ್ಚಿಲ್ಲ. ಈ ಜಿಪುಣತನದಲ್ಲೂ ಕಾಸು ಹುಟ್ಟುತ್ತದೆ ಅಂತ ತೋರಿಸಿದ್ದು, ಮಿಸ್ಡ್ ಕಾಲ್ ಕೊಟ್ಟವರಿಗೆ ಕಂಪನಿಗಳ ಜಾಹೀರಾತು ಕಳಿಸುತ್ತಿದ್ದ ಬೆಂಗಳೂರಿನ ಜಿಪ್‌ಡಯಲ್. 2015ರಲ್ಲಿ ಅದನ್ನು ಟ್ವಿಟರ್ ಕೊಂಡುಕೊಂಡಿತು. ಮರುವರ್ಷ ಜಿಯೋ ಬಂದು ಕಾಲ್ ಪುಕ್ಕಟೆಯಾಯಿತು. ನಾವು ಮಿಸ್ಡ್ ಕಾಲ್ ಕೊಡುವುದು ಬಿಟ್ಟೆವು. ಕಂಪನಿಗಳು ಪೂರಾ ಕಾಲ್ ಮಾಡತೊಡಗಿದವು.

ಪಾಪ, ಫೋನ್ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ ಟ್ರಾಯ್ ಸುಮ್ನೆ ಕೂತಿಲ್ಲ. 2011ರಲ್ಲಿ ಒಂದು ಸಿಮ್ಮಿನಿಂದ ದಿನಕ್ಕೆ ನೂರೇ ಎಸ್ಸೆಮ್ಮೆಸ್ ಅಂತ ಅಪ್ಪಣೆ ಮಾಡಿತು. ಕೆಲವೇ ವಾರದಲ್ಲಿ ಅದು 200 ಆಯಿತು. ನೋಂದಣಿ ಮಾಡಿಸಿದ ಟೆಲಿಮಾರ್ಕೆಟಿಂಗ್‌ನವರಿಗೆ ಈ ಮಿತಿ ಇರಲಿಲ್ಲ. ಸಿಕ್ಕಿಬಿದ್ದವರು ಬಂಧುಬಳಗಕ್ಕೆಲ್ಲ ದಿನಾ ಗುಡ್ ಮಾರ್ನಿಂಗ್ ಕಳಿಸುವ ಚಿಕ್ಕಪ್ಪಂದಿರು. ಜತೆಗೆ ಜಾಹೀರಾತಿನ ಕಾಲ್‌ಗಳಿಗೆ 140ರಿಂದ ಶುರುವಾಗುವ ನಂಬರ್ ಬಂತು, ನೋಡಿದ ಕೂಡಲೇ ಗೊತ್ತಾಗಲಿ ಅಂತ. ಗೊತ್ತಾಯಿತು, ನಾವು ಎತ್ತಲಿಲ್ಲ. ಕಾಲ್ ಮಾಡುವವರಲ್ಲಿ ಎಷ್ಟೋ ಜನ ಮಾಮೂಲಿ ಹತ್ತಂಕಿ ನಂಬರಿನಿಂದ ಹೊಡೆಯತೊಡಗಿದರು. 2018ರ ನಿಯಮಗಳಲ್ಲಿ, ಬರೆದದ್ದನ್ನು ಗುಟ್ಟಾಗಿ ತಿದ್ದಲಾಗದ ಡಿಜಿಟಲ್ ಲೆಕ್ಕದ ಪುಸ್ತಕ, ಅಂದರೆ ಬ್ಲಾಕ್‌ಚೈನ್ ಬಂತು! ಬೇರೆಯವರು ಅದರಲ್ಲಿ ಬಿಟ್‌ಕಾಯಿನ್ ಲೆಕ್ಕ ಇಟ್ಟರೆ, ನಾವು ಸೀರೆ ಡಿಸ್ಕೌಂಟಿನ ಲೆಕ್ಕ ಇಟ್ಟೆವು. 2025ರಲ್ಲಿ ಮೆಸೇಜ್ ಕಳಿಸುವವರ ಹೆಸರಿಗೆ ಒಂದು ಬಾಲ ಬಂತು. ಜಾಹೀರಾತಾದರೆ ಪಿ, ಸೇವೆಯಾದರೆ ಎಸ್, ವ್ಯವಹಾರಕ್ಕೆ ಟಿ, ಸರ್ಕಾರಕ್ಕೆ ಜಿ. ಸೊಳ್ಳೆ ಕಚ್ಚುವುದು ನಿಂತಿಲ್ಲ, ಕಚ್ಚಿದ್ದು ಯಾವ ಜಾತಿಯದು ಅಂತ ಈಗ ತಿಳಿಯುತ್ತದೆ.

ದೂರು ಕೊಡುವ ನಿಯಮವಂತೂ ಇನ್ನೂ ಸೊಗಸಾಗಿತ್ತು. ಕಾಟ ತಿಂದವನು 3 ದಿನದೊಳಗೆ ದೂರು ಕೊಡಬೇಕು. ನೋಂದಣಿ ಇಲ್ಲದೆ ಕಾಟ ಕೊಟ್ಟವನ ಮೇಲೆ ಕ್ರಮಕ್ಕೆ ಮೊಬೈಲ್ ಕಂಪನಿಗೆ 30 ದಿನ. ಅಷ್ಟರಲ್ಲಿ ಅವನು ಎಷ್ಟು ಸಿಮ್ ಬದಲಾಯಿಸಿರುತ್ತಾನೋ! 2025ರ ತಿದ್ದುಪಡಿಯಲ್ಲಿ ನಮಗೆ 7 ದಿನ ಸಿಕ್ಕಿತು, ಕಂಪನಿಗೆ 5 ದಿನ. ಇದು ನಿಜಕ್ಕೂ ಒಳ್ಳೆಯ ಕೆಲಸ, ಇಲ್ಲಿ ತಮಾಷೆ ಇಲ್ಲ.

ಇನ್ನು ಮೊಬೈಲ್ ಮಾರ್ಕೆಟಿಂಗ್‌ನವರ ಸಮಾವೇಶಗಳು. ಯಾವುದಕ್ಕೇ ಹೋಗಿ, ಒಳಗೆ ಬಿಡಬೇಕಾದರೆ ನಿಮ್ಮ ನಂಬರ್ ಬೇಕು. ಕತ್ತಿಗೆ ಕ್ಯೂಆರ್ ಕೋಡಿನ ಕಾರ್ಡ್ ತಗಲಿಸುತ್ತಾರೆ. ಒಂದೊಂದು ಮಳಿಗೆಯವರೂ ಅದನ್ನು ಸ್ಕ್ಯಾನ್ ಮಾಡಿಕೊಂಡು ಒಂದು ಪೆನ್ನು ಕೊಡುತ್ತಾರೆ. ನಂಬರಿನ ಬೆಲೆ ಅಷ್ಟೇ. ಸಂಜೆಯಿಂದಲೇ ಮೆಸೇಜ್ ಶುರು. ಗ್ರಾಹಕನ ಜೇಬಿಗೇ ನೇರ ಸಂಪರ್ಕ ಇರಬೇಕು ಅಂತ ಮುಕ್ಕಾಲು ಗಂಟೆ ಭಾಷಣ ಬಿಗಿದು ಕೆಳಗಿಳಿದವರ ಹತ್ತಿರ ವಿಸಿಟಿಂಗ್ ಕಾರ್ಡ್ ಕೇಳಿ ನೋಡಿ. ಅದರಲ್ಲಿ ಇರುವುದು ಆಫೀಸಿನ ಲ್ಯಾಂಡ್‌ಲೈನ್.