ಒಂದು ‘ಇಲ್ಲ’ಕ್ಕೆ 5 ಡಾಲರ್

ಗಣ್ಯರ ಅಜ್ಞಾನಕ್ಕೂ ಒಂದು ದರಪಟ್ಟಿ ಬೇಕೆಂದು ಮನಗಂಡವರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಗೆ ಗೌರವದ ಸ್ಥಾನ ಸಲ್ಲಬೇಕು. 1950ರಲ್ಲಿ ಅದು ಆರಂಭಿಸಿದ ‘ವಾಟ್ಸ್ ಮೈ ಲೈನ್’ ಕಾರ್ಯಕ್ರಮದಲ್ಲಿ, ಆರತಕ್ಷತೆಗೆ ಹೊರಟವರಂತೆ ಸಿಂಗರಿಸಿಕೊಂಡ ನಾಲ್ವರು ಪ್ರಸಿದ್ಧರು ಸಾಲಾಗಿ ಕುಳಿತು, ಎದುರಿಗಿದ್ದವರ ಕಸುಬು ಯಾವುದೆಂಬುದನ್ನು ಪ್ರಶ್ನೆ ಕೇಳಿಯೇ ಪತ್ತೆಹಚ್ಚಬೇಕಿತ್ತು. ‘ಇಲ್ಲ’ ಎಂಬ ಪ್ರತಿ ಉತ್ತರಕ್ಕೆ ಅತಿಥಿಗೆ 5 ಡಾಲರ್, ಹತ್ತು ಸಲ ‘ಇಲ್ಲ’ ಎಂದರೆ 50. ಅಲ್ಲಿಗೆ ಗಣ್ಯರ ಅಜ್ಞಾನ ಮುಗಿಯದಿದ್ದರೂ ಆಟ ಮುಗಿಯುತ್ತಿತ್ತು.

ಅತಿಥಿಯ ಮುಖವೇ ಜನಜನಿತವಾಗಿದ್ದರೆ ಗಣ್ಯರು ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. (ಇಂದಿನ ವಾಹಿನಿಗಳ ಚರ್ಚೆಗಳಲ್ಲಿ ಆ ಪಟ್ಟಿ ವೀಕ್ಷಕರಿಗೆ ಕಾಣುವುದಿಲ್ಲ, ಅಷ್ಟೇ.) 1957ರಲ್ಲಿ ಕಲಾವಿದ ಸಾಲ್ವಡೋರ್ ಡಾಲಿ ಬಂದು ಕುಳಿತಾಗ ಈ ವ್ಯವಸ್ಥೆಯೇ ತಲೆಕೆಳಗಾಯಿತು. ಏನು ಕೇಳಿದರೂ, ನಾಯಕನಟರೇ ಎಂದು ಕೇಳಿದರೂ, ಆ ಮಹಾಶಯರು ಬಹುಪಾಲು ‘ಹೌದು’ ಎನ್ನತೊಡಗಿದ್ದರಿಂದ, ನಾಯಕನಟರೆಂಬ ಪದವಿಯಿಂದಲಾದರೂ ಅವರನ್ನು ಕೆಳಗಿಳಿಸಲು ನಿರೂಪಕ ಜಾನ್ ಡೇಲಿ ನಡುವೆ ಬಾಯಿ ಹಾಕಬೇಕಾಯಿತು.

ಆದರೆ ಈ ವಿದ್ಯೆಯ ಪರಾಕಾಷ್ಠೆಯನ್ನು ಅದೇ ವಾಹಿನಿಯ ‘ಐ ಹ್ಯಾವ್ ಗಾಟ್ ಎ ಸೀಕ್ರೆಟ್’ನಲ್ಲಿ ಕಾಣಬೇಕು. ಅಲ್ಲಿ ಹುಡುಕಬೇಕಾದದ್ದು ಅತಿಥಿಯ ಗುಟ್ಟನ್ನು. ಅಲ್ಲಿಯೂ ಗಣ್ಯರು ನಾಲ್ವರೇ; ಸೋತ ಒಬ್ಬೊಬ್ಬರ ಲೆಕ್ಕಕ್ಕೆ ಅತಿಥಿಗೆ 20 ಡಾಲರ್ ಎಂಬ ನಿಯಮವಿದ್ದುದರಿಂದ ಗುಟ್ಟು ಎಷ್ಟೇ ಘನವಾದದ್ದಾದರೂ 80 ಡಾಲರ್ ದಾಟುವಂತಿರಲಿಲ್ಲ. 1956ರ ಫೆಬ್ರುವರಿ 9ರಂದು ಅಲ್ಲಿಗೆ ಬಂದವರು 95 ವರ್ಷದ ಸ್ಯಾಮ್ಯುಯೆಲ್ ಸೀಮೋರ್. 1865ರಲ್ಲಿ ಫೋರ್ಡ್ಸ್ ರಂಗಮಂದಿರದಲ್ಲಿ ಅಧ್ಯಕ್ಷ ಲಿಂಕನ್ನರ ಹತ್ಯೆಯಾದಾಗ ಆ ಸಭಾಂಗಣದಲ್ಲಿದ್ದ ಐದು ವರ್ಷದ ಬಾಲಕ ಇವರೇ. ಗುಂಡು ಯಾರಿಗೆ ತಗುಲಿತೆಂದು ತಿಳಿಯದ ಆ ಮಗುವಿಗೆ, ಮೇಲಿನಿಂದ ಕೆಳಗೆ ಬಿದ್ದವನ ಬಗ್ಗೆಯೇ ಕಳವಳವಾಗಿತ್ತಂತೆ. ಬಿದ್ದವನು ಸ್ವತಃ ಹಂತಕ ಬೂತ್! ತೊಂಬತ್ತು ವರ್ಷಗಳ ಬಳಿಕ, ಕಾರ್ಯಕ್ರಮಕ್ಕೆಂದು ನ್ಯೂಯಾರ್ಕಿಗೆ ಬಂದ ವೃದ್ಧರು ಹೋಟೆಲಿನ ಮೆಟ್ಟಿಲಿನಿಂದ ತಾವೇ ಬಿದ್ದು, ಊದಿಕೊಂಡ ಕಣ್ಣಿನೊಡನೆ ಕ್ಯಾಮೆರಾದ ಮುಂದೆ ಕುಳಿತರು. ಅವರಿಂದ ಆ ರಾತ್ರಿಯ ವಿವರಗಳನ್ನು ಸಾವಧಾನವಾಗಿ ಕೇಳಿಸಿಕೊಳ್ಳಲು ಅದು ಇತಿಹಾಸದ ತರಗತಿಯೇ? ಅವರ ಗುಟ್ಟು ಸಂತೋಷದ ಸಂಗತಿಯೋ, ರಾಜಕೀಯಕ್ಕೆ ಸಂಬಂಧಿಸಿದ್ದೋ ಎಂದು ಗಣ್ಯರು ತಡಕಾಡಿದ್ದೇ ಅಲ್ಲಿ ಮನರಂಜನೆ.

ಕೊನೆಗೆ ಉಡುಗೊರೆಯ ಪ್ರಶ್ನೆ ಎದ್ದಿತು. ಪ್ರಾಯೋಜಕರಾದ ವಿನ್‌ಸ್ಟನ್ ಸಿಗರೇಟಿನವರು ಅತಿಥಿಗಳಿಗೆ ತಮ್ಮ ಸಿಗರೇಟನ್ನೇ ಕೊಡುವುದು ವಾಡಿಕೆ. ಅಜ್ಜನದು ಪೈಪಿನ ಅಭ್ಯಾಸವೆಂದು ತಿಳಿದಾಗ ನಿರೂಪಕ ಗ್ಯಾರಿ ಮೂರ್ ಅವರ ಕೈಗೆ ಪ್ರಿನ್ಸ್ ಆಲ್ಬರ್ಟ್ ತಂಬಾಕಿನ ಡಬ್ಬಿಯನ್ನಿತ್ತರು. ಅದನ್ನು ತಯಾರಿಸುತ್ತಿದ್ದುದೂ ವಿನ್‌ಸ್ಟನ್ನಿನ ಕಂಪನಿಯೇ ಆಗಿದ್ದುದರಿಂದ ಪ್ರಾಯೋಜಕರಿಗೆ ಯಾವ ನಷ್ಟವೂ ಆಗಲಿಲ್ಲ.