ಚಂಡೆಯ ಪಕ್ಕದ ಯಂತ್ರವನ್ನು ದೂರುವ ಮೊದಲು

ಹೊನ್ನಾವರ, ಕುಮಟಾ ಕಡೆ ಯಕ್ಷಗಾನದ ಆಟ ನೋಡಿ ಬಂದವರ ಮಾತು ಈಗೀಗ ವೇಷಗಳಿಗಿಂತ ಹೆಚ್ಚಾಗಿ ಮೈಕಿನ ಸುತ್ತಲೇ ತಿರುಗುತ್ತದೆ. ಚಂಡೆ ಕಿವಿಗೆ ಅಪ್ಪಳಿಸಿತು, ಹಾಡುವ ಭಾಗವತರ ಪದ ಅರ್ಥವಾಗಲಿಲ್ಲ, ಎಲ್ಲ ಈ ಎಲೆಕ್ಟ್ರಾನಿಕ್ ಹಾವಳಿ ಎಂದು ಹಿರಿಯರು ನೊಂದುಕೊಳ್ಳುತ್ತಾರೆ. ನೋವು ನಿಜ. ಆದರೆ ತಪ್ಪನ್ನು ಯಂತ್ರದ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಫಿನ್ಲೆಂಡಿನ ಸಂಗೀತ ರಚನಕಾರ್ತಿ ಕೈಯಾ ಸಾರಿಯಾಹೊ ಅವರ ಕೃತಿಗಳನ್ನು ಕೇಳುತ್ತ ಕೇಳುತ್ತ ಈ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ.

1952ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿ, 2023ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡವರು ಇವರು. ಚಿಕ್ಕಂದಿನಲ್ಲಿ ರಾತ್ರಿ ಮಲಗಿದಾಗ ದಿಂಬಿನೊಳಗಿಂದ ಸಂಗೀತ ಬರುತ್ತಿದೆ, ಅದನ್ನು ಆರಿಸು ಎಂದು ತಾಯಿಯನ್ನು ಕೇಳುತ್ತಿದ್ದರಂತೆ. ಹೆಲ್ಸಿಂಕಿ, ಫ್ರೈಬುರ್ಗ್‌ಗಳಲ್ಲಿ ಓದಿ, 1982ರಲ್ಲಿ ಪ್ಯಾರಿಸ್‌ನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಕೇಂದ್ರ ಸೇರಿದರು. ಅಲ್ಲಿ ಕಂಪ್ಯೂಟರ್ ಕೈಗೆ ಸಿಕ್ಕಾಗ ಅವರು ಅದರಿಂದ ದೊಡ್ಡ ಪಿಟೀಲಿನಂಥ ಚೆಲ್ಲೋ ವಾದ್ಯದ ನಾದವನ್ನು ಬಿಡಿಸಿ ನೋಡಿದರು. ಕಮಾನಿನ ಒತ್ತಡ ಹೆಚ್ಚುತ್ತ ಹೋದಂತೆ ತಿಳಿಯಾದ ಸ್ವರ ಹೇಗೆ ಗರಗರ ಸದ್ದಾಗುತ್ತದೆ, ನಡುವೆ ಯಾವ ಯಾವ ಸ್ವರಾಂಶಗಳು ತಲೆಯೆತ್ತುತ್ತವೆ ಎಂಬ ಶೋಧ ಅದು. 1986ರ 'ಲಿಖ್ಟ್‌ಬೋಗನ್' ಕೃತಿಯ ಸ್ವರಮೇಳಗಳು ಬಂದದ್ದು ಇಂಥ ವಿಶ್ಲೇಷಣೆಯಿಂದ. ಒಂಬತ್ತು ವಾದಕರು ನುಡಿಸುತ್ತಾರೆ, ಎಲೆಕ್ಟ್ರಾನಿಕ್ ಉಪಕರಣ ಅದೇ ಕ್ಷಣದಲ್ಲಿ ಅವರ ನಾದವನ್ನು ಹಿಗ್ಗಿಸುತ್ತದೆ. ಉತ್ತರ ಧ್ರುವದ ಆಕಾಶದ ಬೆಳಕು ಅದಕ್ಕೆ ಪ್ರೇರಣೆ.

ನಮ್ಮವರಿಗೆ ಇದು ಪರಕೀಯ ಎನಿಸಬಾರದು. ಮದ್ದಳೆಯ ಬಲಗಡೆಯ ಚರ್ಮದ ಮುಚ್ಚಿಗೆಯ ನಡುವಿನ ಕಪ್ಪು ಕರಣೆಯನ್ನು ಹತ್ತಿರದಿಂದ ನೋಡಿ. ಕಿಟ್ಟದ ಪುಡಿ, ಅನ್ನ ಅರೆದು, ಪದರ ಪದರವಾಗಿ ಹಚ್ಚಿ, ಕಲ್ಲಿನಿಂದ ತಿಕ್ಕಿ ಒಣಗಿಸುತ್ತಾರೆ. ಬರಿಯ ಚರ್ಮ ಬಡಿದರೆ ಹುಟ್ಟುವ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಈ ಭಾರ ಕೂತರೆ ಹೊಂದುತ್ತವೆ, ಬಡಿತ ಸ್ವರವಾಗುತ್ತದೆ. ಮೃದಂಗ, ತಬಲಾಗಳ ಈ ಗುಟ್ಟನ್ನು ಸಿ. ವಿ. ರಾಮನ್ 1920ರಲ್ಲಿಯೇ ಬರೆದರು. ಸದ್ದು ಮತ್ತು ಸ್ವರದ ನಡುವಿನ ಗಡಿಯಲ್ಲಿ ನಮ್ಮ ಮದ್ದಳೆಗಾರರು ತಲೆಮಾರುಗಳಿಂದ ಕೆಲಸ ಮಾಡಿದ್ದಾರೆ. ಸಾರಿಯಾಹೊ ಬದುಕಿಡೀ ಅಗೆದದ್ದು ಆ ಗಡಿಯನ್ನೇ.

ಅವರ 'ನೋವಾನೋವಾ'ದಲ್ಲಿ (1992) ಒಬ್ಬ ಕೊಳಲು ವಾದಕ ಮಾತ್ರ ಇರುತ್ತಾನೆ. ಕೊಳಲಿನೊಳಗೆ ಪಿಸುಗುಡುತ್ತಾನೆ, ಉಸಿರು ಬಿಡುತ್ತಾನೆ, ಕಾಲಿನ ಪೆಡಲ್ ಒತ್ತಿ ಎಲೆಕ್ಟ್ರಾನಿಕ್ ಧ್ವನಿಯನ್ನು ತಾನೇ ಕರೆಯುತ್ತಾನೆ. ಯಂತ್ರ ಅವನನ್ನು ಓಡಿಸುವುದಿಲ್ಲ, ಅವನ ಉಸಿರಿಗೆ ಕಾಯುತ್ತದೆ. ಕ್ಯೋಟೋದ ಉದ್ಯಾನಗಳನ್ನು ಕಂಡು ತಾಳವಾದ್ಯಕ್ಕೆ ಬರೆದ 1994ರ ಕೃತಿಯಲ್ಲಿಯೂ ಪ್ರಕೃತಿಯ ಸದ್ದು, ಪೂಜಾವಿಧಿಯ ಹಾಡು ಬರುವುದು ವಾದಕನ ಕಾಲಿನ ಅಪ್ಪಣೆಯಂತೆಯೇ. ಮುಂದೆ ಅವರು ದೊಡ್ಡ ಒಪೆರಾಗಳನ್ನು, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳನ್ನು, ಬರೆದರು. 2016ರಲ್ಲಿ ಅವರ 'ಲಾಮೂರ್ ದ ಲುವಾ' ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಒಪೆರಾದಲ್ಲಿ ರಂಗಕ್ಕೆ ಬಂತು. 1903ರ ನಂತರ ಅಲ್ಲಿ ಮಹಿಳೆಯೊಬ್ಬರು ರಚಿಸಿದ ಒಪೆರಾ ನಡೆದದ್ದು ಅದೇ ಮೊದಲು. ಇಷ್ಟೆಲ್ಲ ಎಲೆಕ್ಟ್ರಾನಿಕ್ ಕೆಲಸ ಮಾಡಿದ ಅವರು ಹೆಲ್ಸಿಂಕಿಯ ಸಂಗೀತ ಭವನಕ್ಕೆ, ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ಪೈಪ್ ಆರ್ಗನ್ ಕೂರಿಸಲು ಹತ್ತು ಲಕ್ಷ ಯೂರೋ ಕೊಟ್ಟರು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಈಗ ನಮ್ಮ ರಂಗಸ್ಥಳಕ್ಕೆ ಬರೋಣ. ಭಾಗವತರ ಪಕ್ಕದ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ, ಏಕೆಂದರೆ ಅದು ಹಾಡುವವರ ಅಂಕೆಯಲ್ಲಿದೆ. ಮೈಕು ಹಿಮ್ಮೇಳದ, ಅಂದರೆ ಹಾಡುವವರ, ವಾದ್ಯ ನುಡಿಸುವವರ ಅಂಕೆ ತಪ್ಪಿದೆ. ಚಂಡೆಯ ಪೆಟ್ಟು ಗುಡ್ಡದಾಚೆಗೂ ಹೋಗುತ್ತದೆ, ಅದಕ್ಕೆ ಧ್ವನಿವರ್ಧಕದ ಹಂಗೇ ಇಲ್ಲ. ನೆರವು ಬೇಕಿರುವುದು ಮದ್ದಳೆಯ ಚಾಪು ಎಂಬ ನುಡಿತಕ್ಕೆ, ಪದ್ಯದ ಕೊನೆಯಲ್ಲಿ ಸಣ್ಣಗಾಗುವ ಭಾಗವತರ ದನಿಗೆ. ನಾವು ಎಲ್ಲವನ್ನೂ ಒಂದೇ ಎತ್ತರಕ್ಕೆ ಏರಿಸುತ್ತೇವೆ. ಧ್ವನಿವರ್ಧಕ ತನ್ನ ಮಿತಿ ಮೀರಿದೊಡನೆ ನಾದದ ಅಲೆಯ ತುದಿ ಕತ್ತರಿಸಿಹೋಗುತ್ತದೆ, ವಾದ್ಯದಲ್ಲಿ ಇಲ್ಲದ ಕರ್ಕಶ ಅಂಶಗಳು ಸೇರಿಕೊಳ್ಳುತ್ತವೆ. ಕರಣೆ ಹಚ್ಚಿದವನ ಶ್ರಮವೆಲ್ಲ ಅಲ್ಲಿಗೆ ನೀರುಪಾಲು.

ಆಟ ಆಡಿಸುವ ಸಮಿತಿಗಳಿಗೆ ನನ್ನ ವಿನಂತಿ ಇಷ್ಟು. ಮೈಕಿನವರನ್ನು ಶಾಮಿಯಾನ, ಕುರ್ಚಿಯ ಲೆಕ್ಕದಲ್ಲಿ ಕರೆಯಬೇಡಿ, ಹಿಮ್ಮೇಳದ ಲೆಕ್ಕದಲ್ಲಿ ಕರೆಯಿರಿ. ಕರಪತ್ರದಲ್ಲಿ ಮದ್ದಳೆ, ಚಂಡೆಯವರ ಹೆಸರಿನ ಕೆಳಗೆ ಅವರ ಹೆಸರೂ ಇರಲಿ. ಪದ್ಯ, ತಾಳ ಬಲ್ಲ ಹುಡುಗರು ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಬೇಕಾದಷ್ಟು ಇದ್ದಾರೆ; ಅವರಲ್ಲಿ ಒಬ್ಬರಿಬ್ಬರು ಧ್ವನಿ ನಿರ್ವಹಣೆ ಕಲಿತು ಪ್ರೇಕ್ಷಕರ ನಡುವೆ ಕೂರಲಿ. ಸಂಜೆ ಭಾಗವತರು ಬಂದ ಮೇಲೆ ಅರ್ಧ ಗಂಟೆ ಹಿಮ್ಮೇಳ ನುಡಿಸಿ ನೋಡಲಿ, ಅವರು ಸರಿ ಎಂದ ಮೇಲೆಯೇ ವೇಷಧಾರಿಗಳು ಬಣ್ಣದ ಮನೆಯಾದ ಚೌಕಿಯಲ್ಲಿ ಬಣ್ಣಕ್ಕೆ ಕೂರಲಿ.